ಗುಮಾಸ್ತರಿಗೆ ಪಕ್ಕದ ಶಾಖೆಯ ಸಾಲದ ಖಾತೆ ಕಂಡದ್ದು ಹೇಗೆ?

ಓದುಗರ ಪ್ರಶ್ನೆ: ಶಿರಸಿಯಲ್ಲಿ ಮೂವರು ಸೇರಿ ಒಂದು ಸಣ್ಣ ತಂತ್ರಾಂಶ ಕಚೇರಿ ನಡೆಸುತ್ತಿದ್ದೇವೆ. ಏಳು ಶಾಖೆಗಳಿರುವ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದಕ್ಕೆ ವೆಬ್ ತಂತ್ರಾಂಶ ಮಾಡಿಕೊಟ್ಟು ಎರಡು ವರ್ಷವಾಯಿತು. ಮಹಸೂಲಿನ ತೂಕ, ದರ್ಜೆ, ಟೆಂಡರ್ ದರ, ಮಾರಾಟದ ಪಟ್ಟಿ, ಸದಸ್ಯರ ಸಾಲ ಎಲ್ಲವೂ ಅದರಲ್ಲೇ. ಸುಮಾರು ನಲವತ್ತು ಸಿಬ್ಬಂದಿ ಬಳಸುತ್ತಾರೆ. ಮೊದಲು ‘ಅಡ್ಮಿನ್ ಹೌದೋ ಅಲ್ಲವೋ’ ಎಂಬ ಒಂದೇ ಕಾಲಂ ಇತ್ತು. ಆಮೇಲೆ ‘ಹಳ್ಳಿ ಶಾಖೆ ಗುಮಾಸ್ತ’, ‘ಪೇಟೆ ಶಾಖೆ ಗುಮಾಸ್ತ’ ಎಂದು ಸೇರಿಸುತ್ತ ಹೋಗಿ ಈಗ, ಯಾರು ಯಾವ ಕೆಲಸ ಮಾಡಬಹುದು ಎಂದು ಗುರುತಿಸುವ 31 ರೋಲ್‌ಗಳಾಗಿವೆ. ಕಳೆದ ತಿಂಗಳು ಹಳ್ಳಿ ಶಾಖೆಯ ಗುಮಾಸ್ತರೊಬ್ಬರು ಬ್ರೌಸರ್‌ನ ವಿಳಾಸದಲ್ಲಿ 4172 ಎಂದಿದ್ದುದನ್ನು ಕೈತಪ್ಪಿ 4173 ಎಂದು ಒತ್ತಿದರು. ಪೇಟೆ ಶಾಖೆಯ ಸದಸ್ಯರೊಬ್ಬರ ಸಾಲದ ವಿವರವೆಲ್ಲ ತೆರೆದುಕೊಂಡಿತು. ಅವರೇ ನನಗೆ ಫೋನ್ ಮಾಡಿ ತಿಳಿಸಿದರು. ಸಂಘದವರು ಈಗ ಅವರಿಗೇ ನೋಟಿಸ್ ಕೊಡುವ ಮಾತಾಡುತ್ತಿದ್ದಾರೆ. ಮೆನುವಿನಲ್ಲಿ ನಾವು ಅದನ್ನು ತೋರಿಸಿಯೇ ಇರಲಿಲ್ಲ! ರೋಲ್ ಆಧಾರದ ಪದ್ಧತಿಯೇ ತಪ್ಪೇ? ಅದನ್ನು ಬಿಟ್ಟು ಗುಣಲಕ್ಷಣ ಆಧಾರದ ಪದ್ಧತಿಗೆ ಹೋಗಿ ಎಂದು ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಇನ್ನೊಂದು ಕಡೆ, ವ್ಯವಸ್ಥಾಪಕರು ರಜೆಗೆ ಹೋಗುವಾಗ ಪಾಸ್‌ವರ್ಡ್ ಬರೆದುಕೊಟ್ಟು ಹೋಗುತ್ತಾರೆ, ಅಧ್ಯಕ್ಷರು ತಮಗೆ ಎಲ್ಲವೂ ಕಾಣಬೇಕು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ಕಂಡದ್ದು, ಎರಡು ವರ್ಷ ದುಡಿದು ಕಟ್ಟಿದ್ದನ್ನು ಬುಡಸಮೇತ ಕೀಳಬೇಕೇನೋ ಎಂಬ ಹೆದರಿಕೆ. ಅದರ ಅಗತ್ಯವಿಲ್ಲ. ರೋಲ್ ಪದ್ಧತಿ ತಪ್ಪಲ್ಲ. ‘ಗುಮಾಸ್ತ’ ಎಂದಾಗ ಆ ವ್ಯಕ್ತಿ ಯಾವ ಕೆಲಸ ಮಾಡಬಹುದು ಎಂಬುದು ತಿಳಿಯುತ್ತದೆ. ಯಾರ ಖಾತೆಯಲ್ಲಿ ಮಾಡಬಹುದು ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ನಿಮ್ಮ ಸರ್ವರ್ ಕೇಳಲೇ ಇಲ್ಲ.

4173ರಲ್ಲಿ ನಡೆದದ್ದನ್ನು ನಿಧಾನವಾಗಿ ನೋಡೋಣ. ಗುಮಾಸ್ತರು ಸಾಲಗಳ ಪಟ್ಟಿ ತೆರೆದಾಗ ನೀವು ಶಾಖೆಯ ಪ್ರಕಾರ ಸೋಸಿಯೇ ತೋರಿಸಿದ್ದೀರಿ, ಹಾಗಾಗಿ ಅಲ್ಲಿ ಅವರ ಶಾಖೆಯ ಸಾಲಗಳು ಮಾತ್ರ ಬಂದವು. ಒಂದು ಸಾಲವನ್ನು ಒತ್ತಿದಾಗ ಬ್ರೌಸರ್ ಸರ್ವರಿಗೆ ‘4172 ಕೊಡು’ ಎಂದಿತು. ಸರ್ವರ್ ಎರಡು ಸಂಗತಿ ನೋಡಿತು: ಇವರು ಲಾಗಿನ್ ಆಗಿದ್ದಾರೆಯೇ? ಆಗಿದ್ದಾರೆ. ಸಾಲದ ಪುಟ ನೋಡಬಲ್ಲ ರೋಲ್ ಇದೆಯೇ? ಇದೆ. ಹಾಗಿದ್ದರೆ ತೆಗೆದುಕೊಳ್ಳಿ ಎಂದು ಕೊಟ್ಟಿತು. 4173 ಎಂದಾಗಲೂ ಅದೇ ಎರಡು ಪ್ರಶ್ನೆ, ಅದೇ ಉತ್ತರ. ಈ ಸಾಲ ಇವರ ಶಾಖೆಯದ್ದೇ ಎಂದು ಕೇಳುವ ಒಂದು ಸಾಲು ಪಟ್ಟಿಯ ಪುಟದಲ್ಲಿತ್ತು, ವಿವರದ ಪುಟದಲ್ಲಿರಲಿಲ್ಲ. ನಾನು ತಪಾಸಣೆ ಮಾಡಿದ ತಂತ್ರಾಂಶಗಳಲ್ಲಿ ಪದೇಪದೇ ಸಿಗುವ ದೋಷ ಇದೇ. ವೆಬ್ ಸುರಕ್ಷತೆಗೆ ಸಂಬಂಧಿಸಿದ ಓವಾಸ್ಪ್ ಸಂಸ್ಥೆಯ ಹತ್ತು ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪ 2017ರಲ್ಲಿ ಐದನೆಯದಾಗಿತ್ತು, 2021ರಲ್ಲಿ ಮೊದಲನೆಯದಾಯಿತು. ನಿಮ್ಮೊಬ್ಬರ ಮನೆಯ ಸಮಸ್ಯೆಯಲ್ಲ ಎಂದು ಹೇಳಲು ಇದನ್ನು ತಂದೆ.

ಮೆನುವಿನಲ್ಲಿ ತೋರಿಸಿರಲಿಲ್ಲ ಎಂದಿದ್ದೀರಿ. ಇದರ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಮೀನು ವ್ಯಾಪಾರ ಸಂಸ್ಥೆಗೆ ತಂತ್ರಾಂಶ ಮಾಡಿಕೊಟ್ಟಿದ್ದೆ. ದಿನದ ದರ ತಿದ್ದುವ ಪುಟ ಮೇಲ್ವಿಚಾರಕರಿಗೆ ಮಾತ್ರ. ಉಳಿದವರ ಮೆನುವಿನಿಂದ ಅದನ್ನು ತೆಗೆದು ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆರು ತಿಂಗಳ ನಂತರ ಅಲ್ಲಿಗೆ ಹೋದಾಗ, ಮೇಲ್ವಿಚಾರಕರಾಗಿದ್ದು ಬೇರೆ ವಿಭಾಗಕ್ಕೆ ವರ್ಗವಾಗಿದ್ದ ಒಬ್ಬರು ನನ್ನ ಕಣ್ಣೆದುರೇ ಆ ಪುಟ ತೆರೆದು ಬಂಗುಡೆಯ ದರ ತಿದ್ದಿದರು. ಹೇಗೆ ಎಂದು ಕೇಳಿದೆ. ಬ್ರೌಸರ್‌ನ ಮೇಲ್ಪಟ್ಟಿ ತೋರಿಸಿದರು. ಹಳೆಯ ಕೆಲಸದ ಕಾಲದಲ್ಲಿ ಉಳಿಸಿಟ್ಟಿದ್ದ ಬುಕ್‌ಮಾರ್ಕ್ ಅಲ್ಲೇ ಇತ್ತು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಹೊಸ ಮೇಲ್ವಿಚಾರಕರು ಬರುವುದು ತಡವಾದ ದಿನ ಸಹಾಯ ಮಾಡುತ್ತಿದ್ದರು, ಅಷ್ಟೇ. ಅಂದಿನಿಂದ ಮೆನು ಎಂದರೆ ಬಳಸುವವರ ಅನುಕೂಲಕ್ಕೆ ಎಂದು ಮಾತ್ರ ತಿಳಿದಿದ್ದೇನೆ. ತಡೆ ಇರಬೇಕಾದದ್ದು ಸರ್ವರ್‌ನಲ್ಲಿ, ಪ್ರತಿ ಕೋರಿಕೆಗೂ, ತಪ್ಪದೆ. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಗಣಕ ವಿಜ್ಞಾನಿಗಳು 1975ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಪ್ರತಿ ಪ್ರವೇಶವನ್ನೂ ಪರೀಕ್ಷಿಸಬೇಕು, ಸ್ಪಷ್ಟ ಅನುಮತಿ ಇಲ್ಲದಿದ್ದರೆ ಉತ್ತರ ‘ಇಲ್ಲ’ ಎಂದೇ ಇರಬೇಕು, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕು.

ಇನ್ನೊಂದು ಸಲಹೆಯೂ ನಿಮ್ಮ ಕಿವಿಗೆ ಬೀಳಲಿದೆ: 4172ರಂಥ ಸರಣಿ ಸಂಖ್ಯೆಗಳ ಬದಲು ಊಹಿಸಲಾಗದ ಉದ್ದನೆಯ ಗುರುತು ಹಾಕಿ ಎಂದು. ಹಾಕಿ, ಕೆಡುಕಿಲ್ಲ. ಆದರೆ ಆ ಉದ್ದ ವಿಳಾಸವನ್ನು ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಕ್ಷಣಕ್ಕೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಗುರುತು ಬದಲಿಸಿ ಪರೀಕ್ಷೆ ಬಿಟ್ಟರೆ, ಬೀಗ ಹಾಕದೆ ಮನೆಯ ನಂಬರ್ ಅಳಿಸಿದಂತೆ.

ಈಗ 31ರ ಲೆಕ್ಕ. ಏಳು ಶಾಖೆ, ಪ್ರತಿಯೊಂದರಲ್ಲೂ ಗುಮಾಸ್ತ, ನಗದು ಗುಮಾಸ್ತ, ವಖಾರಿಯವರು, ವ್ಯವಸ್ಥಾಪಕ, ಅಲ್ಲಿಗೆ 28. ಪ್ರಧಾನ ಕಚೇರಿಯ ಮೂರು ಸೇರಿ 31 ಆಗಿರಬೇಕು ಎಂದು ನನ್ನ ಊಹೆ. ಎಂಟನೇ ಶಾಖೆ ತೆರೆದರೆ 35. ನೀವು ಶಾಖೆಯನ್ನು ರೋಲಿನ ಹೆಸರಿನೊಳಗೆ ತುರುಕಿದ್ದೀರಿ, ಅದಕ್ಕೇ ಅದು ಹೀಗೆ ಬೆಳೆಯುತ್ತಿದೆ. ಹೆಸರಿನಲ್ಲಿ ‘ಹಳ್ಳಿ ಶಾಖೆ’ ಎಂದು ಬರೆದಿದ್ದರೂ ವಿವರದ ಪುಟ ಅದನ್ನು ಓದಲಿಲ್ಲ ಎಂಬುದನ್ನೂ ಗಮನಿಸಿ.

ಹೀಗೆ ಮಾಡಿ. ರೋಲ್‌ಗಳು ಏಳೇ ಇರಲಿ, ಶಾಖೆಯ ಹೆಸರಿಲ್ಲದೆ. ಪ್ರತಿ ರೋಲಿಗೂ ಅನುಮತಿಗಳ ಒಂದು ಪಟ್ಟಿ ಇರಲಿ: ತೂಕ ದಾಖಲಿಸು, ದರ್ಜೆ ತಿದ್ದು, ಮಾರಾಟದ ಪಟ್ಟಿ ತಯಾರಿಸು, ಸಾಲದ ಅರ್ಜಿ ಸಲ್ಲಿಸು, ಸಾಲ ಮಂಜೂರು ಮಾಡು. ಯಾರಿಗೆ ಯಾವ ರೋಲ್ ಎಂದು ಬರೆಯುವ ಕೋಷ್ಟಕದಲ್ಲಿ ಐದು ಕಾಲಂ ಬೇಕು: ವ್ಯಕ್ತಿ, ರೋಲ್, ಶಾಖೆ, ಯಾವ ದಿನದಿಂದ, ಯಾವ ದಿನದವರೆಗೆ. ನಿಮ್ಮ ಸಮಸ್ಯೆಗಳಲ್ಲಿ ಮುಕ್ಕಾಲು ಪಾಲು ಈ ಐದು ಕಾಲಂಗಳಲ್ಲೇ ಕರಗುತ್ತವೆ.

ಕೋಡ್ ಬರೆಯುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ‘ಇವರು ವ್ಯವಸ್ಥಾಪಕರೇ?’ ಎಂದು ಎಲ್ಲಿಯೂ ಕೇಳಬೇಡಿ. ‘ಈ ಸಾಲವನ್ನು ಮಂಜೂರು ಮಾಡುವ ಅನುಮತಿ ಇವರಿಗೆ ಇದೆಯೇ?’ ಎಂದು ಕೇಳಿ, ಮತ್ತು ಆ ಪ್ರಶ್ನೆಗೆ ಉತ್ತರಿಸುವ ಜಾಗ ಇಡೀ ತಂತ್ರಾಂಶದಲ್ಲಿ ಒಂದೇ ಇರಲಿ. ನಾಳೆ ಸಂಘದವರು ಇಂತಿಷ್ಟು ರೂಪಾಯಿವರೆಗಿನ ಮುಂಗಡವನ್ನು ಹಿರಿಯ ಗುಮಾಸ್ತರೇ ಕೊಡಲಿ ಎಂದು ಠರಾವು ಮಾಡಿದರೆ ಆ ಒಂದು ಜಾಗ ತಿದ್ದಿದರೆ ಸಾಕು. ರೋಲಿನ ಹೆಸರನ್ನು ಅರವತ್ತು ಪುಟಗಳಲ್ಲಿ ಚೆಲ್ಲಿದವರು ಇಂಥ ಠರಾವಿನ ದಿನ ಅರವತ್ತು ಪುಟ ಹುಡುಕುತ್ತಾರೆ, ಮೂರು ಕಣ್ತಪ್ಪುತ್ತವೆ.

ಈ ವ್ಯವಸ್ಥೆಯಲ್ಲೂ ಅಪಾಯ ಇಲ್ಲದಿಲ್ಲ. ಶಾಖೆಯ ಪರೀಕ್ಷೆಯನ್ನು ಪುಟಗಳಿಗೆ ಹಾಕಿ, ಪುಟವಲ್ಲದ ದಾರಿಗಳನ್ನು ಮರೆಯುವುದು ಬಹಳ ಸುಲಭ. ಹುಡುಕಾಟದ ಪೆಟ್ಟಿಗೆ, ಎಕ್ಸೆಲ್‌ಗೆ ಇಳಿಸುವ ಗುಂಡಿ, ಪಿಡಿಎಫ್ ರಸೀದಿ, ಮೊಬೈಲ್ ಆ್ಯಪ್ ಮಾತಾಡುವ ವಿಳಾಸಗಳು, ರಾತ್ರಿ ತಾನಾಗಿ ಹೊರಡುವ ವರದಿ ಇವೆಲ್ಲ ಅದೇ ದತ್ತಾಂಶಕ್ಕೆ ಹೋಗುವ ಬೇರೆ ಬಾಗಿಲುಗಳು. ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಂಡು ಒಂದೊಂದನ್ನೇ ತಟ್ಟಿ ನೋಡಿ.

ಹುಡುಕಾಟದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ನಮ್ಮ ಕಡೆ ಅದು ನಿಜಕ್ಕೂ ಕಷ್ಟದ ಜಾಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವುದೇ ಸಂಘದಲ್ಲಿ ‘ಗಣಪತಿ ಹೆಗಡೆ’ ಎಂದು ಹುಡುಕಿದರೆ ಸಾಲುಸಾಲಾಗಿ ಬರುತ್ತಾರೆ. ತಂದೆಯ ಹೆಸರು, ಊರು, ಮಜರೆ ಕೇಳದೆ ಸರಿಯಾದವರು ಸಿಗುವುದಿಲ್ಲ. ಪೇಟೆ ಶಾಖೆಯ ಸದಸ್ಯರು ಹಳ್ಳಿ ಶಾಖೆಯ ವಖಾರಿಗೇ ಚಾಲಿ ಅಡಿಕೆಯ ಮೂಟೆ ತಂದಿಳಿಸುವುದೂ ಉಂಟು. ಆಗ ಗುಮಾಸ್ತರು ಅವರನ್ನು ಗುರುತಿಸಲೇಬೇಕು. ಶಾಖೆಯ ಗೋಡೆಯನ್ನು ಇಲ್ಲೂ ಬಿಗಿಯಾಗಿ ಕಟ್ಟಿದರೆ ಕೆಲಸ ನಿಂತು, ಮಧ್ಯಾಹ್ನದೊಳಗೆ ಯಾರದ್ದೋ ಪಾಸ್‌ವರ್ಡ್ ಕೈ ಬದಲಾಗಿರುತ್ತದೆ. ಅದಕ್ಕೆ ಸದಸ್ಯರ ಮಾಹಿತಿಯನ್ನು ಎರಡಾಗಿ ಒಡೆಯಿರಿ. ಗುರುತಿಗೆ ಬೇಕಾದದ್ದು ಒಂದು: ಹೆಸರು, ತಂದೆಯ ಹೆಸರು, ಊರು, ಸದಸ್ಯ ಸಂಖ್ಯೆ. ಇದು ಎಲ್ಲ ಶಾಖೆಗೂ ಕಾಣಲಿ. ಸಾಲ, ಠೇವಣಿ, ಸುಸ್ತಿ ಬಾಕಿ, ಮಾರಾಟದ ಪಟ್ಟಿಯ ಮೊತ್ತ ಇನ್ನೊಂದು. ಅದು ಖಾತೆ ಇರುವ ಶಾಖೆಗೆ ಮಾತ್ರ. ಮನೆಯ ಸಾಲ ಎಷ್ಟು ಬಾಕಿ ಇದೆ ಎಂಬ ಮಾತು ಊರಿನ ಚಹಾದಂಗಡಿಗೆ ಬಂದರೆ ಆ ಕುಟುಂಬಕ್ಕೆ ಆಗುವ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದಾದ ಮೇಲೆ ಯಾವ ತಿದ್ದುಪಡಿಯಿಂದಲೂ ಅದನ್ನು ಹಿಂದೆ ತರಲಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಸೇರಿಸಬೇಕು. ನಿಮ್ಮ ಸಂಘದ ಸಿಬ್ಬಂದಿಯಲ್ಲಿ ಬಹುಪಾಲು ಜನ ಸ್ವತಃ ಅಡಿಕೆ ಬೆಳೆಗಾರರು, ಅದೇ ಸಂಘದ ಸದಸ್ಯರು, ಅದೇ ಸಂಘದಲ್ಲಿ ಬೆಳೆಸಾಲ ಪಡೆದವರು ಆಗಿರುತ್ತಾರೆ. ಹೊರಗಿನ ಪುಸ್ತಕಗಳಲ್ಲಿ ‘ಬಳಕೆದಾರ’ ಬೇರೆ, ‘ಗ್ರಾಹಕ’ ಬೇರೆ. ಇಲ್ಲಿ ಇಬ್ಬರೂ ಒಬ್ಬರೇ. ಲಾಗಿನ್ ಖಾತೆಗೂ ಸದಸ್ಯ ಸಂಖ್ಯೆಗೂ ಕೊಂಡಿ ಹಾಕಿ, ತನ್ನದೇ ಖಾತೆಯಲ್ಲಿ ಯಾರೂ ಏನನ್ನೂ ತಿದ್ದುವಂತಿಲ್ಲ, ಮಂಜೂರು ಮಾಡುವಂತಿಲ್ಲ ಎಂಬ ನಿಯಮ ಮಾಡಿ. ಯಾವ ರೋಲ್ ಇದ್ದರೂ ಇದಕ್ಕೆ ವಿನಾಯಿತಿ ಬೇಡ. ರಾಶಿ, ಬೆಟ್ಟೆ ಎಂಬ ಅಡಿಕೆ ದರ್ಜೆಗಳನ್ನು ಅದಲುಬದಲು ಮಾಡುವ ಒಂದು ಸಣ್ಣ ತಿದ್ದುಪಡಿ ಕ್ವಿಂಟಾಲಿನ ಲೆಕ್ಕದಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ನಿಯಮವಿದ್ದರೆ ಪ್ರಾಮಾಣಿಕ ಗುಮಾಸ್ತರ ಮೇಲೂ ಸಂಶಯದ ಬೆರಳು ಏಳುವುದಿಲ್ಲ. ಸಂಬಂಧಿಕರ ಖಾತೆಗಳನ್ನು ತಂತ್ರಾಂಶ ಪೂರ್ತಿ ಪತ್ತೆ ಮಾಡಲಾರದು. ಅಲ್ಲಿ ಯಾರು ಏನು ತಿದ್ದಿದರು, ಮೊದಲು ಏನಿತ್ತು ಎಂಬ ಅಳಿಸಲಾಗದ ದಾಖಲೆಯೇ ಆಧಾರ.

ಇದಕ್ಕೆ ಹತ್ತಿರದ್ದೇ ಎರಡು ಸಹಿಯ ಮಾತು. ಸಂಘದ ತಿಜೋರಿಗೆ ಎರಡು ಕೀಲಿಗಳಿದ್ದು, ಒಂದು ವ್ಯವಸ್ಥಾಪಕರ ಬಳಿ, ಒಂದು ನಗದು ಗುಮಾಸ್ತರ ಬಳಿ ಇರುವುದನ್ನು ನೀವು ನೋಡಿರುತ್ತೀರಿ. ಸಾಲದ ಅರ್ಜಿ ದಾಖಲಿಸಿದವರೇ ಅದನ್ನು ಮಂಜೂರು ಮಾಡಬಾರದು. ರೋಲ್ ಪದ್ಧತಿಗೆ ರೂಪ ಕೊಟ್ಟ ಫೆರಾಯೊಲೊ ಮತ್ತು ಕುನ್ ಅವರ ಪ್ರಬಂಧ ಬಂದದ್ದು 1992ರಲ್ಲಿ. 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನಕವಾದಾಗ ಕರ್ತವ್ಯ ವಿಂಗಡಣೆಯನ್ನು ಎರಡು ಬಗೆಯಲ್ಲಿ ಹೇಳಲಾಯಿತು: ಒಬ್ಬರಿಗೆ ಎರಡೂ ರೋಲ್ ಕೊಡಲೇಬಾರದು ಎಂಬುದು ಒಂದು, ಎರಡೂ ಇದ್ದರೂ ಏಕಕಾಲಕ್ಕೆ ಎರಡನ್ನೂ ಬಳಸಬಾರದು ಎಂಬುದು ಇನ್ನೊಂದು. ಇಬ್ಬರೇ ಸಿಬ್ಬಂದಿ ಇರುವ ಸಣ್ಣ ಶಾಖೆಯಲ್ಲಿ ಮೊದಲನೆಯದು ನಡೆಯದು. ನಾನು ಸರಳವಾಗಿ ಹೀಗೆ ಬರೆಯುತ್ತೇನೆ: ಈ ಅರ್ಜಿಯನ್ನು ಸಲ್ಲಿಸಿದವರ ಗುರುತೂ ಮಂಜೂರು ಮಾಡುತ್ತಿರುವವರ ಗುರುತೂ ಒಂದೇ ಆಗಿದ್ದರೆ ನಿಲ್ಲಿಸು. ಮಂಜೂರು ಮಾಡಬಲ್ಲ ಇನ್ನೊಬ್ಬರು ಶಾಖೆಯಲ್ಲಿ ಇಲ್ಲದ ದಿನ ಅರ್ಜಿ ಪ್ರಧಾನ ಕಚೇರಿಗೆ ಹೋಗಲಿ.

ಪಾಸ್‌ವರ್ಡ್ ಬರೆದುಕೊಟ್ಟು ರಜೆಗೆ ಹೋಗುವ ವ್ಯವಸ್ಥಾಪಕರ ಮೇಲೆ ಸಿಟ್ಟಾಗಬೇಡಿ. ಪ್ರಭಾರ ವಹಿಸಿಕೊಡುವುದು ಪ್ರತಿ ಕಚೇರಿಯ ದಿನನಿತ್ಯದ ಸಂಗತಿ. ನಿಮ್ಮ ತಂತ್ರಾಂಶದಲ್ಲಿ ಅದಕ್ಕೆ ಜಾಗವೇ ಇಲ್ಲ, ಆದ್ದರಿಂದ ಅವರು ಚೀಟಿಯಲ್ಲಿ ಜಾಗ ಮಾಡಿಕೊಂಡರು. ಮೇಲೆ ಹೇಳಿದ ಐದು ಕಾಲಂಗಳ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿದರೆ ಪ್ರಭಾರವಾಯಿತು: ಹಿರಿಯ ಗುಮಾಸ್ತರು, ವ್ಯವಸ್ಥಾಪಕ ರೋಲ್, ಹಳ್ಳಿ ಶಾಖೆ, ಸೋಮವಾರದಿಂದ ಶುಕ್ರವಾರದವರೆಗೆ. ಶನಿವಾರ ಅದು ತಾನಾಗಿ ಮುಗಿಯುತ್ತದೆ, ಯಾರೂ ನೆನಪಿಟ್ಟು ತೆಗೆಯಬೇಕಿಲ್ಲ. ದಾಖಲೆಯಲ್ಲಿ ಅವರ ಸ್ವಂತ ಹೆಸರು ‘ಪ್ರಭಾರ’ ಎಂಬ ಗುರುತಿನೊಂದಿಗೆ ಬೀಳುತ್ತದೆ. ಮುಕ್ತಾಯದ ದಿನಾಂಕ ಖಾಲಿ ಬಿಡಲು ಬಿಡಬೇಡಿ. ಖಾಲಿ ಬಿಟ್ಟ ಪ್ರಭಾರಗಳು ವರ್ಷಗಟ್ಟಲೆ ಉಳಿಯುತ್ತವೆ.

ಇದರ ಜೊತೆಗೇ ಟೋಕನ್, ಅಂದರೆ ಲಾಗಿನ್ ಆದವರಿಗೆ ಸರ್ವರ್ ಕೊಡುವ ಗುರುತಿನ ಚೀಟಿಯ ವಿಚಾರ ನೋಡಿಕೊಳ್ಳಿ. ಲಾಗಿನ್ ಆದಾಗ ರೋಲನ್ನು ಟೋಕನ್ನಿನೊಳಗೆ ಬರೆದು, ಅದನ್ನು ಇಡೀ ದಿನ ನಂಬುವ ಪದ್ಧತಿ ಇತ್ತೀಚೆಗೆ ರೂಢಿಯಾಗಿದೆ. ಬೆಳಿಗ್ಗೆ ಹತ್ತಕ್ಕೆ ನೀವು ಒಬ್ಬರ ಅಧಿಕಾರ ತೆಗೆದರೂ ಸಂಜೆಯವರೆಗೆ ಅವರ ಟೋಕನ್ ‘ನಾನು ವ್ಯವಸ್ಥಾಪಕ’ ಎನ್ನುತ್ತಲೇ ಇರುತ್ತದೆ. ಟೋಕನ್ನಿನ ಆಯುಸ್ಸನ್ನು ಹತ್ತು ಹದಿನೈದು ನಿಮಿಷಕ್ಕೆ ಇಳಿಸುವುದು ಒಂದು ದಾರಿ. ನಲವತ್ತು ಜನರ ಸಂಘಕ್ಕೆ ನಾನಾದರೆ ಲಾಗಿನ್ ಆದವರ ನೆನಪನ್ನು ಸರ್ವರ್ ತಾನೇ ಇಟ್ಟುಕೊಳ್ಳುವ ಹಳೆಯ ಸೆಷನ್ ಪದ್ಧತಿಯನ್ನೇ ಇಟ್ಟುಕೊಂಡು ಪ್ರತಿ ಕೋರಿಕೆಗೂ ಅನುಮತಿಯನ್ನು ದತ್ತಸಂಚಯದಿಂದಲೇ (ಡೇಟಾಬೇಸ್) ಓದುತ್ತೇನೆ. ಆ ಓದಿಗೆ ತಗಲುವ ಹೊತ್ತು ಯಾರ ಅನುಭವಕ್ಕೂ ಬಾರದು.

ಗೆಳೆಯರ ಸಲಹೆಗೆ ಬರೋಣ. ಗುಣಲಕ್ಷಣ ಆಧಾರದ ಪದ್ಧತಿಯಲ್ಲಿ ವ್ಯಕ್ತಿಯ ಶಾಖೆ, ದಾಖಲೆಯ ಸ್ಥಿತಿ, ಮೊತ್ತ, ಸಮಯ ಎಲ್ಲವನ್ನೂ ನೋಡಿ ನಿಯಮಗಳು ತೀರ್ಮಾನ ಕೊಡುತ್ತವೆ. ನಿಜ ಹೇಳಬೇಕೆಂದರೆ, ರೋಲಿಗೆ ಶಾಖೆ ಮತ್ತು ದಿನಾಂಕ ಸೇರಿಸಿದಾಗ ನೀವು ಆ ದಾರಿಯಲ್ಲಿ ಎರಡು ಹೆಜ್ಜೆ ಇಟ್ಟಾಗಿದೆ. ಪೂರ್ತಿ ಹೋಗಬೇಡಿ ಎನ್ನುವುದಕ್ಕೆ ನನಗಿರುವ ಕಾರಣ ಲೆಕ್ಕಪರಿಶೋಧಕರು. ಅವರು ಬಂದು ‘ಈ ಸಾಲವನ್ನು ಯಾರು ಯಾರು ಮಂಜೂರು ಮಾಡಬಲ್ಲರು?’ ಎಂದು ಕೇಳಿದರೆ, ರೋಲ್ ಪದ್ಧತಿಯಲ್ಲಿ ಒಂದು ಪಟ್ಟಿ ಮುದ್ರಿಸಿ ಕೊಡಬಹುದು. ನೂರು ನಿಯಮಗಳ ಜಾಲದಲ್ಲಿ ಆ ಉತ್ತರ ಹುಡುಕುವುದೇ ಒಂದು ಸಂಶೋಧನೆಯಾಗುತ್ತದೆ. ಗೂಗಲ್ 2019ರಲ್ಲಿ ಪ್ರಕಟಿಸಿದ ಝಾಂಜಿಬಾರ್ ಎಂಬ ಅನುಮತಿ ವ್ಯವಸ್ಥೆಯನ್ನು ತೋರಿಸುವವರೂ ಇದ್ದಾರೆ. ಅದು ಕೋಟಿಗಟ್ಟಲೆ ಜನ ಕಡತಗಳನ್ನು ಪರಸ್ಪರ ಹಂಚಿಕೊಳ್ಳುವ ಸೇವೆಗಳಿಗಾಗಿ ಹುಟ್ಟಿದ್ದು. ನಿಮ್ಮ ವಖಾರಿಗೆ ಅದು ಬೇಡ.

ಎರಡನೇ ಗೋಡೆಯೊಂದನ್ನು ಕಟ್ಟುವ ಮನಸ್ಸಿದ್ದರೆ ದತ್ತಸಂಚಯದಲ್ಲೇ ಕಟ್ಟಬಹುದು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶ 2016ರ ಆರಂಭದಲ್ಲಿ ಬಂದ 9.5ನೇ ಆವೃತ್ತಿಯಿಂದ ಸಾಲುಮಟ್ಟದ ಸುರಕ್ಷತೆ ಕೊಡುತ್ತಿದೆ, ಅಂದರೆ ಕೋಷ್ಟಕದ ಯಾವ ಸಾಲು ಯಾರಿಗೆ ಕಾಣಬೇಕು ಎಂದು ಅಲ್ಲೇ ನಿಯಮ ಬರೆಯಬಹುದು. ಕೋಡಿನಲ್ಲಿ ಶಾಖೆಯ ಪರೀಕ್ಷೆ ಮರೆತರೂ ಬೇರೆ ಶಾಖೆಯ ಸಾಲು ಹೊರಬರುವುದಿಲ್ಲ. ಎರಡು ಹೊಂಡಗಳಿವೆ, ನೋಡಿಕೊಂಡು ನಡೆಯಿರಿ. ಕೋಷ್ಟಕವನ್ನು ಸೃಷ್ಟಿಸಿದ, ಅದರ ಮಾಲೀಕ ಎನಿಸಿದ ದತ್ತಸಂಚಯದ ಲಾಗಿನ್ ಖಾತೆಗೆ ಈ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಬಹುತೇಕ ತಂತ್ರಾಂಶಗಳು ಅದೇ ಖಾತೆಯಿಂದ ಸಂಪರ್ಕಿಸುವುದರಿಂದ ಗೋಡೆ ಕಟ್ಟಿಯೂ ಬಾಗಿಲು ತೆರೆದಿರುತ್ತದೆ. ಇನ್ನೊಂದು, ದತ್ತಸಂಚಯದ ಜೊತೆಗಿನ ಸಂಪರ್ಕಗಳನ್ನು ಮರುಬಳಸುವಾಗ ಹಿಂದಿನವರ ಶಾಖೆಯ ಗುರುತು ಉಳಿದುಕೊಂಡು ಮುಂದಿನವರಿಗೆ ಅಂಟಬಹುದು. ಆ ಗುರುತನ್ನು ಆಯಾ ವಹಿವಾಟಿಗೆ ಮಾತ್ರ ಸೀಮಿತವಾಗಿ ಇಡಿ.

ಅಧ್ಯಕ್ಷರಿಗೆ ಏನು ಹೇಳುವುದು? ಅವರ ಕೋರಿಕೆಯಲ್ಲಿ ನ್ಯಾಯವಿದೆ, ಸಂಘದ ಹೊಣೆ ಅವರ ಮೇಲಿದೆ. ಆದರೆ ಹೊಣೆ ನಿಭಾಯಿಸಲು ಬೇಕಾದದ್ದು ಶಾಖಾವಾರು ಸುಸ್ತಿ, ದಿನದ ಆವಕ, ಮಂಜೂರಾತಿಗೆ ಕಾದಿರುವ ಅರ್ಜಿಗಳು. ಅದನ್ನೆಲ್ಲ ಚೆನ್ನಾಗಿ, ಅವರು ಕೇಳುವ ಮೊದಲೇ ತೋರಿಸಿ. ಒಬ್ಬ ಸದಸ್ಯರ ಖಾತೆ ತೆರೆಯಬೇಕಾದಾಗ ಕಾರಣ ಬರೆದು ತೆರೆಯಲಿ, ತೆರೆದದ್ದು ದಾಖಲಾಗಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಎಂಬುದನ್ನು ಆಡಳಿತ ಮಂಡಳಿಯ ಮುಂದೆ ಇಡಿ. ಆಮೇಲೆ, ಎಲ್ಲವನ್ನೂ ನೋಡಬಲ್ಲ ಖಾತೆಯ ಪಾಸ್‌ವರ್ಡ್ ಕಳುವಾದರೆ ಮೊದಲು ಕೇಳಿಬರುವ ಹೆಸರು ಆ ಖಾತೆಯವರದ್ದೇ ಎಂದು ವಿನಯದಿಂದ ವಿವರಿಸಿ. ನಾನು ಹೀಗೆ ವಿವರಿಸಿದ ಅಧ್ಯಕ್ಷರಲ್ಲಿ ಹೆಚ್ಚಿನವರು ಅಧಿಕಾರ ಕಡಿಮೆ ಮಾಡಿ ಎಂದು ತಾವೇ ಹೇಳಿದ್ದಾರೆ.

ಕೆಲಸದ ಕ್ರಮ ಹೀಗಿರಲಿ. 4173ರ ತೂತನ್ನು ಈ ವಾರವೇ ಮುಚ್ಚಿ. ಬೇರೆ ಶಾಖೆಯ ಸಂಖ್ಯೆ ಕೇಳಿದರೆ ‘ಅನುಮತಿ ಇಲ್ಲ’ ಎನ್ನುವ 403ರ ಬದಲು ‘ಸಿಗಲಿಲ್ಲ’ ಎನ್ನುವ 404 ಉತ್ತರ ಕೊಡಿ, ಅಂಥ ಸಾಲ ಇದೆ ಎಂಬ ಸುಳಿವೂ ಹೋಗುವುದು ಬೇಡ. 31 ರೋಲ್‌ಗಳನ್ನು ಏಳಕ್ಕೆ ತರುವುದಕ್ಕೆ ಅವಸರ ಮಾಡಬೇಡಿ. ಹೊಸ ನಿಯಮಗಳು ಎರಡು ವಾರ ಯಾರನ್ನೂ ತಡೆಯದೆ, ‘ಇದನ್ನು ತಡೆಯುತ್ತಿದ್ದೆ’ ಎಂದು ಬರೆದಿಡುತ್ತ ಓಡಲಿ. ಆ ಪಟ್ಟಿ ಓದಿದರೆ ನೀವು ಕೇಳದೆ ಬಿಟ್ಟ ನಿಜವಾದ ಕೆಲಸಗಳು ಹೊರಬರುತ್ತವೆ. ಮಾರ್ಚ್ ಕೊನೆಯಲ್ಲಿ, ಸಾಲ ಮರುಪಾವತಿಯ ನೂಕುನುಗ್ಗಲಿನಲ್ಲಿ, ಇಂಥ ಬದಲಾವಣೆ ಜಾರಿಗೆ ತರಬೇಡಿ. ಪ್ರತಿ ರೋಲ್, ಪ್ರತಿ ವಿಳಾಸ, ಸ್ವಂತ ಶಾಖೆ ಮತ್ತು ಪರ ಶಾಖೆ, ಹೀಗೆ ಒಂದು ಕೋಷ್ಟಕ ಮಾಡಿ ಅದನ್ನೇ ಸ್ವಯಂಚಾಲಿತ ಪರೀಕ್ಷೆಯಾಗಿ ಬರೆಯಿರಿ. ಹೊಸ ಪುಟ ಸೇರಿಸಿ ಅದಕ್ಕೆ ನಿಯಮ ಬರೆಯಲು ಮರೆತರೆ ಪರೀಕ್ಷೆ ಸೋಲಬೇಕು. ಇದಕ್ಕೂ ಮೊದಲು ಒಂದು ದಿನ ಶಾಖೆಯಲ್ಲಿ ಕುಳಿತು, ತೂಕದ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ಸಹಿ ಬೀಳುತ್ತದೆ ಎಂದು ನೋಡಿ ಬನ್ನಿ. ನನ್ನ ಮಟ್ಟಿಗೆ ಅನುಮತಿಗಳ ಪಟ್ಟಿ ಸಿಕ್ಕಿದ್ದೆಲ್ಲ ಅಲ್ಲಿಯೇ.

ಇನ್ನು ನೋಟಿಸ್. ದಯವಿಟ್ಟು ಅದನ್ನು ತಡೆಯಿರಿ. ಸರ್ವರ್‌ನ ದಾಖಲೆಗಳು ಹಳತಾಗಿ ಅಳಿಯುವ ಮೊದಲು ತೆಗೆದಿಟ್ಟು, ಎರಡು ವರ್ಷಗಳಲ್ಲಿ ಬೇರೆ ಶಾಖೆಯ ಖಾತೆಗಳನ್ನು ಯಾರು ಯಾರು ತೆರೆದಿದ್ದಾರೆ ಎಂದು ಸಿಕ್ಕಷ್ಟು ಹುಡುಕಿ. ಕೈತಪ್ಪಿ ಇನ್ನೂ ಕೆಲವರು ತೆರೆದಿರಬಹುದು, ಹೇಳಿರಲಿಕ್ಕಿಲ್ಲ. ಹೇಳಿದವರು ಇವರೊಬ್ಬರೇ. ಇವರಿಗೆ ನೋಟಿಸ್ ಹೋದರೆ ಮುಂದಿನ ತೂತು ನಿಮ್ಮ ಕಿವಿಗೆ ಬೀಳುವುದಿಲ್ಲ. ತಪ್ಪು ನಮ್ಮ ತಂತ್ರಾಂಶದ್ದು ಎಂದು ಸಂಘಕ್ಕೆ ನೀವೇ ಪತ್ರ ಬರೆದು ಸಹಿ ಮಾಡಿ, ಅದರ ಒಂದು ಪ್ರತಿಯನ್ನು ಆ ಗುಮಾಸ್ತರಿಗೂ ಕೊಡಿ. ದುರಸ್ತಿ ಮುಗಿದ ದಿನ ಅವರಿಗೇ ಫೋನ್ ಮಾಡಿ, 4173 ಎಂದು ಇನ್ನೊಮ್ಮೆ ಒತ್ತಿ ನೋಡಿ ಎಂದು ಕೇಳಿ.